ಕಳೆ, ಹುಳ, ಇಲಿ ಹತೋಟಿ ಕೆಲಸಕ್ಕೆ ಸೇರುತ್ತಿದ್ದೇನೆ. ಮೊದಲು ಏನು ಕಲಿಯಬೇಕು?

ಹೊಸಪಂಪು:
ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ಒಂದು ಸ್ಪ್ರೇ ತಂಡಕ್ಕೆ ಸೇರುತ್ತಿದ್ದೇನೆ. ಹೊಲ, ತೋಟ, ರಸ್ತೆ ಬದಿ, ಕಾಳಿನ ಗೋದಾಮು, ಹೀಗೆ ಎಲ್ಲ ಕಡೆ ಕಳೆ, ಹುಳ, ಇಲಿ ಹತೋಟಿ ಮಾಡುವ ಕೆಲಸ. ಎರಡು ದಿನ ತರಬೇತಿ ಕೊಡುತ್ತಾರಂತೆ. ಬೆನ್ನ ಮೇಲೆ ಪಂಪು ಹೊತ್ತು ನನಗೆ ಅಭ್ಯಾಸವಿಲ್ಲ.

ನನ್ನ ಜೊತೆ ಸೇರುತ್ತಿರುವ ಗೆಳೆಯ "ಬೆರೆಸೋದು, ಹೊಡೆಯೋದು, ಮನೆಗೆ ಹೋಗೋದು. ಇದರಲ್ಲಿ ಕಲಿಯೋಕೆ ಏನಿದೆ?" ಅನ್ನುತ್ತಾನೆ. ನನಗೆ ಅಷ್ಟು ಧೈರ್ಯವಿಲ್ಲ. ವರ್ಷಗಟ್ಟಲೆ ಮಾಡಿದವರು ಇದ್ದರೆ ಹೇಳಿ. ಮೊದಲ ವಾರ ಏನು ಗಮನಿಸಬೇಕು? ಮೈಗೆ ಎಷ್ಟು ಅಪಾಯ? ಸುಮ್ನೆ ಹೆದರಿಸಬೇಡಿ, ಹಾಗಂತ ಮುಚ್ಚಿಡಲೂ ಬೇಡಿ.

ಹಳೇಬೆಲ್ಟು:
ಸೇರು ತಮ್ಮಾ, ಕೆಲಸ ಕೆಟ್ಟದ್ದಲ್ಲ. ನಾನು 19 ವರ್ಷದಿಂದ ಇದರಲ್ಲೇ ಇದ್ದೇನೆ. ನಿನ್ನ ಗೆಳೆಯ ಹೇಳಿದ್ದರಲ್ಲಿ ಹೊಡೆಯೋದು ಎಲ್ಲಕ್ಕಿಂತ ಸುಲಭ. ತಲೆ ಖರ್ಚಾಗೋದು ಅದಕ್ಕೂ ಮೊದಲು. ಅಲ್ಲಿ ಬೆಳೆದಿರೋದು ಏನು, ಎಷ್ಟಿದೆ, ಇವತ್ತು ಹೊಡೆಯಲೇಬೇಕಾ, ಇದನ್ನೆಲ್ಲ ನೋಡಬೇಕು.

ನನ್ನ ಮೊದಲ ವರ್ಷದ ಕಥೆ ಹೇಳುತ್ತೇನೆ. ಬಾಟಲಿ ಮೇಲೆ ಹೆಕ್ಟೇರಿಗೆ ಇಷ್ಟು ಅಂತ ಬರೆದಿತ್ತು. ನನ್ನ ತಲೆಯಲ್ಲಿ ಇದ್ದದ್ದು ಎಕರೆ. ಹೆಕ್ಟೇರಿನ ಔಷಧಿಯನ್ನು ಪೂರ್ತಿ ಒಂದೆಕರೆಗೆ ಹೊಡೆದೆ. ಒಂದು ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ, ಅಂದರೆ ಎರಡೂವರೆ ಪಟ್ಟು ಔಷಧಿ ಬಿತ್ತು. ಕಳೆ ಸತ್ತವು. ನಾಲ್ಕು ದಿನಕ್ಕೆ ಬೆಳೆಯೂ ಹಳದಿಗಟ್ಟಿತು, ಮೇಲೇಳಲೇ ಇಲ್ಲ. ಹೊಲದ ಯಜಮಾನರು ಬೈಯಲಿಲ್ಲ. ಬದುವಿನ ಮೇಲೆ ಕೂತು ನೋಡುತ್ತಿದ್ದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನಿಸುತ್ತದೆ.

ಆಮೇಲೆ ಒಬ್ಬರು ಹಿರಿಯರು ಅಳತೆ ಕಲಿಸಿದರು. ಇದನ್ನು ನೀನು ಸೋಮವಾರಕ್ಕಿಂತ ಮೊದಲೇ ಮನೆ ಹತ್ತಿರ ಮಾಡಿ ನೋಡು. ಹಗ್ಗದಲ್ಲಿ 10 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗ ಗುರುತು ಹಾಕು. ಪಂಪಿಗೆ ಬರೀ ನೀರು ಅಳೆದು ತುಂಬು. ಮಾಮೂಲಿ ನಡಿಗೆಯಲ್ಲಿ ಅಷ್ಟು ಜಾಗಕ್ಕೆ ಹೊಡಿ. ಉಳಿದ ನೀರು ಅಳಿ. ಖರ್ಚಾದದ್ದು 2.5 ಲೀಟರ್ ಅಂದುಕೋ. ಆ ಜಾಗ 100 ಚದರ ಮೀಟರ್, ಹೆಕ್ಟೇರ್ 10,000. ನೂರರಿಂದ ಗುಣಿಸಿದರೆ ನಿನ್ನ ಕಾಲಿಗೆ, ನಿನ್ನ ಕೈಗೆ, ಆ ನಾಜಲ್‌ಗೆ ಹೆಕ್ಟೇರಿಗೆ 250 ಲೀಟರ್ ನೀರು ಬೇಕು ಅಂತಾಯಿತು. 16 ಲೀಟರಿನ ಪಂಪು 640 ಚದರ ಮೀಟರಿಗೆ ಬರುತ್ತದೆ. ಲೇಬಲ್‌ನಲ್ಲಿ ಹೆಕ್ಟೇರಿಗೆ 2 ಲೀಟರ್ ಔಷಧಿ ಅಂತಿದ್ದರೆ, ಒಂದು ಪಂಪಿಗೆ 128 ಮಿಲಿ. ನಿನ್ನ ಗೆಳೆಯ ನಿನಗಿಂತ ಬಿರುಸಾಗಿ ನಡೆದರೆ ಅವನ ಲೆಕ್ಕವೇ ಬೇರೆ. ಅದಕ್ಕೇ "ಪಂಪಿಗೆ ಎರಡು ಮುಚ್ಚಳ" ಅನ್ನುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಯಾರ ಪಂಪು? ಯಾವ ಮುಚ್ಚಳ?

ಮಸೂರ:
ಲೇಬಲ್ ಅಕ್ಷರ ಇರುವೆ ಸಾಲಿನ ಹಾಗಿರುತ್ತವೆ. ಮೊಬೈಲಲ್ಲಿ ಫೋಟೋ ತೆಗೆದು ಹಿಗ್ಗಿಸಿ ಓದಿ. ನಾನು ಪ್ರತಿ ಹೊಸ ಡಬ್ಬಕ್ಕೂ ಹಾಗೇ ಮಾಡುತ್ತೇನೆ. ಅದೇ ಫೋಟೋ ಆಮೇಲೆ ಆಸ್ಪತ್ರೆಯಲ್ಲೂ ಬೇಕಾಗಬಹುದು.

ರಾತ್ರಿಪಾಳಿ:
ಆಸ್ಪತ್ರೆ ಅಂದರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ನರ್ಸ್. ನಮ್ಮ ಮನೆಯವರು ಸ್ಪ್ರೇ ಕೆಲಸ ಮಾಡುತ್ತಿದ್ದರು. ಹಾಗಾಗಿ ಎರಡೂ ಕಡೆ ನೋಡಿದ್ದೇನೆ.

ಎಲ್ಲರೂ ಮೂಗಿಗೆ ಬಟ್ಟೆ ಕಟ್ಟುತ್ತಾರೆ. ಆದರೆ ಹೊಲದಲ್ಲಿ ಔಷಧಿ ಮೈ ಸೇರುವುದು ಜಾಸ್ತಿ ಚರ್ಮದ ಮೂಲಕ. ಎಲ್ಲ ಕಡೆಯ ಚರ್ಮ ಒಂದೇ ಥರ ಹೀರುವುದಿಲ್ಲ. ಮುಂಗೈಗೆ ಹೋಲಿಸಿದರೆ ತಲೆಯ ಚರ್ಮ ಮೂರು ನಾಲ್ಕು ಪಟ್ಟು ಹೀರುತ್ತದೆ. ತೊಡೆಸಂದಿನಲ್ಲಿ ಹತ್ತು ಪಟ್ಟಿಗೂ ಜಾಸ್ತಿ. ಈಗ ಯೋಚಿಸಿ. ಪಂಪಿನ ಮುಚ್ಚಳ ಸೋರುತ್ತಿದೆ. ಬೆನ್ನಿನಿಂದ ಇಳಿದು ಪ್ಯಾಂಟು ಒದ್ದೆಯಾಗಿದೆ. "ಇನ್ನೊಂದು ಪಂಪು ಮುಗಿಸಿ ಬಿಡೋಣ" ಅಂತ ಎರಡು ಗಂಟೆ ಅದರಲ್ಲೇ ನಡೆಯುತ್ತಾರೆ. ನಮ್ಮಲ್ಲಿ ಬಂದವರಲ್ಲಿ ಹಲವರ ಕಥೆ ಇದೇ.

ಎಲ್ಲಕ್ಕಿಂತ ಅಪಾಯದ ಹೊತ್ತು ಬೆರೆಸುವಾಗ. ಆಗ ಕೈಯಲ್ಲಿರುವುದು ನೀರು ಬೆರೆಸದ ಔಷಧಿ. ಕೈಗವಸು, ಕನ್ನಡಕ ಮೊದಲು ಅಲ್ಲಿ ಹಾಕಿ. ಬಟ್ಟೆ ಅಥವಾ ಚರ್ಮದ ಕೈಗವಸು ಬೇಡ, ಅವು ಹೀರಿಕೊಂಡು ಕೈಗೆ ಪಟ್ಟಿ ಕಟ್ಟಿದ ಹಾಗೆ ಹಿಡಿದಿಡುತ್ತವೆ. ನೈಟ್ರೈಲ್ ರಬ್ಬರಿನದು ಸರಿ. ಪ್ಯಾಂಟನ್ನು ಬೂಟಿನೊಳಗೆ ತುರುಕಬೇಡಿ, ಹೊರಗೆ ಬಿಡಿ. ಇಲ್ಲದಿದ್ದರೆ ಬೂಟೇ ಬಕೆಟ್ ಆಗುತ್ತದೆ.

ಕೆಲವು ಕೀಟನಾಶಕಗಳು, ಆರ್ಗನೋಫಾಸ್ಫೇಟ್ ಗುಂಪಿನವು, ನರಗಳಿಗೆ ಬೇಕಾದ ಒಂದು ಕಿಣ್ವವನ್ನು ಕಟ್ಟಿಹಾಕುತ್ತವೆ. ತಲೆನೋವು, ವಿಪರೀತ ಬೆವರು, ಬಾಯಲ್ಲಿ ನೀರು, ಕಣ್ಣು ಮಂಜು, ಸ್ನಾಯು ಅದುರುವುದು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಇದನ್ನು "ಬಿಸಿಲು ಹೊಡೆದಿದೆ" ಅಂತ ನೆರಳಲ್ಲಿ ಮಲಗಿಸಿ ಸಮಯ ಕಳೆಯುತ್ತಾರೆ. ದಯವಿಟ್ಟು ಬಟ್ಟೆ ಬಿಚ್ಚಿಸಿ, ಸೋಪು ಹಾಕಿ ತೊಳೆದು, ಡಬ್ಬದ ಜೊತೆ ಕರೆತನ್ನಿ. ಡಬ್ಬ ನೋಡಿದರೆ ನಮ್ಮ ಅರ್ಧ ಕೆಲಸ ಆಯಿತು. ಅದಕ್ಕೆ ಅಟ್ರೋಪಿನ್ ಅನ್ನುವ ಮದ್ದು ಇದೆ.

ಪ್ಯಾರಾಕ್ವಾಟ್ ಅನ್ನುವ ಕಳೆನಾಶಕಕ್ಕೆ ಹಾಗೆ ಮದ್ದಿಲ್ಲ. ಅದನ್ನು ಕುಡಿಯುವ ಬಾಟಲಿಗೆ ಸುರಿದಿಟ್ಟು, ಯಾರೋ ಬಾಯಾರಿ ಎತ್ತಿ ಕುಡಿದು, ಹಾಗೇ ಎಷ್ಟೋ ಜೀವ ಹೋಗಿವೆ. ಈ ಕಾರಣಕ್ಕೇ ತಯಾರಕರು ಅದಕ್ಕೆ ನೀಲಿ ಬಣ್ಣ, ಕೆಟ್ಟ ವಾಸನೆ, ವಾಂತಿ ಬರಿಸುವ ವಸ್ತು ಸೇರಿಸಿದರು. ಹಲವು ದೇಶಗಳು ನಿಷೇಧಿಸಿಯೂ ಬಿಟ್ಟಿವೆ. ಯಾವುದೇ ಔಷಧಿಯನ್ನು ಬೇರೆ ಬಾಟಲಿಗೆ ಹಾಕಬೇಡಿ. ಇದೊಂದನ್ನು ನಾನು ಕೈ ಮುಗಿದು ಕೇಳುತ್ತೇನೆ.

ಬಿಸಿಲುಕುದುರೆ:
ಅಕ್ಕ, ನೀವು ಹೇಳೋದೆಲ್ಲ ಸರಿ. ಆದರೆ ಮಧ್ಯಾಹ್ನದ ಬಿಸಿಲಲ್ಲಿ ರಬ್ಬರ್ ಬೂಟು, ಏಪ್ರನ್, ಕೈಗವಸು, ಮಾಸ್ಕ್ ಎಲ್ಲ ಹಾಕಿಕೊಂಡು 20 ಕೆಜಿ ಹೊತ್ತು ಒಂದು ಸಾಲು ನಡೆದು ನೋಡಿ. ಔಷಧಿಗಿಂತ ಮೊದಲು ಸೆಕೆಯೇ ಕೊಲ್ಲುತ್ತದೆ. ತರಬೇತಿ ಕೊಡುವವರು ಫ್ಯಾನ್ ಕೆಳಗೆ ನಿಂತು ಹೇಳಿ ಹೋಗುತ್ತಾರೆ. ಹೊಲದಲ್ಲಿ ಎಲ್ಲರೂ ಬಿಚ್ಚಿಡುತ್ತಾರೆ. ಇದ್ದದ್ದು ಇದ್ದ ಹಾಗೆ ಹೇಳಿದೆ.

ರಾತ್ರಿಪಾಳಿ:
ಒಪ್ಪುತ್ತೇನೆ ಅಣ್ಣ. ಸೆಕೆಯಿಂದ ಕುಸಿದವರನ್ನೂ ನೋಡಿದ್ದೇನೆ. ಬಟ್ಟೆ ಬಿಚ್ಚುವ ಬದಲು ಹೊತ್ತು ಬದಲಿಸಿ ಅಂತ ನನ್ನ ಮಾತು. ಮಧ್ಯಾಹ್ನ ಹೊಡೆದರೆ ಸಣ್ಣ ಹನಿ ಎಲೆ ಮುಟ್ಟುವ ಮೊದಲೇ ಒಣಗಿ ಹೋಗುತ್ತದೆ, ಔಷಧಿಯೂ ದಂಡ. ನೀರು ಹತ್ತಿರ ಇಟ್ಟುಕೊಳ್ಳಿ, ಆದರೆ ಕುಡಿಯುವ ಮೊದಲು ಕೈ ಮುಖ ತೊಳೆಯಿರಿ. ಎಲ್ಲ ಹಾಕಲು ಆಗದೇ ಹೋದರೆ, ಬೆರೆಸುವಾಗ ಕೈ ಮತ್ತು ಕಣ್ಣು, ಹೊಡೆಯುವಾಗ ಮಂಡಿಯಿಂದ ಕೆಳಗೆ ಮತ್ತು ಬೆನ್ನು. ಇಷ್ಟನ್ನಂತೂ ಬಿಡಬೇಡಿ. ಇದು ನಿಯಮ ಅಲ್ಲ, ಲೇಬಲ್ ಹೇಳಿದ್ದೇ ನಿಯಮ.

ಹಳೇಬೆಲ್ಟು:
ಇನ್ನೊಂದು. ಲ್ಯಾನ್ಸನ್ನು, ಅಂದರೆ ನಾಜಲ್ ಇರುವ ಉದ್ದ ಕೊಳವೆಯನ್ನು, ಮುಂದೆ ಹಿಡಿದು ಅತ್ತಿತ್ತ ಬೀಸುತ್ತಾ ನಡೆದರೆ ನೀನೇ ಹೊಡೆದ ಒದ್ದೆ ಎಲೆಯ ಮೇಲೆ ನೀನೇ ಕಾಲಿಡುತ್ತೀಯ. ಲ್ಯಾನ್ಸು ಗಾಳಿ ಹೋಗುವ ಪಕ್ಕಕ್ಕೆ ಇರಲಿ. ಗಾಳಿ ಬರುವ ಕಡೆ ನೀನು, ಹೋಗುವ ಕಡೆ ಔಷಧಿ. ಗಾಳಿ ಹೋಗುವ ಕಡೆಯ ತುದಿಯಿಂದ ಶುರು ಮಾಡಿ ಗಾಳಿಗೆ ಎದುರಾಗಿ ಒಂದೊಂದೇ ಸಾಲು ಸರಿಯುತ್ತಾ ಬಾ. ಆಗ ಯಾವತ್ತೂ ಒಣ ಜಾಗದಲ್ಲೇ ಇರುತ್ತೀಯ.

ಜೇಕಿನಶತ್ರು:
ಕಳೆ ಬಗ್ಗೆ ಯಾರೂ ಬರೆದಿಲ್ಲವಲ್ಲ. ನನ್ನ ಹೆಸರು ನೋಡಿದರೆ ಗೊತ್ತಾಗುತ್ತದೆ ನನ್ನ ಸಂಕಟ ಏನಂತ.

ಜೇಕು, ಕೆಲವರು ತುಂಗೆ, ಕೊನ್ನಾರಿ ಅನ್ನುತ್ತಾರೆ. ಜಗತ್ತಿನ ಅತಿ ಕೆಟ್ಟ ಕಳೆ ಯಾವುದು ಅಂತ 1977ರಲ್ಲಿ ಲೆರಾಯ್ ಹೋಮ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಪಟ್ಟಿ ಮಾಡಿದಾಗ ಮೊದಲ ಸ್ಥಾನ ಇದಕ್ಕೇ ಕೊಟ್ಟರು. ಕಿತ್ತು ನೋಡಿ. ಕೈಗೆ ಬರುವುದು ಬರೀ ಹುಲ್ಲು. ಕುರ್ಚಿಗೆಯಲ್ಲಿ ನಿಧಾನಕ್ಕೆ ಮಣ್ಣು ಬಿಡಿಸಿ. ಮೊದಲು ಒಂದು ಕಪ್ಪು ಗಡ್ಡೆ ಸಿಗುತ್ತದೆ, ಕಡಲೆಕಾಯಿ ಬೀಜಕ್ಕಿಂತ ಸ್ವಲ್ಪ ದೊಡ್ಡದು. ಅದರಿಂದ ತಂತಿಯಂಥ ಬಿಗಿ ಎಳೆ. ಎಳೆ ಹಿಡಿದು ಹೋದರೆ ಇನ್ನೊಂದು ಗಡ್ಡೆ. ಅಲ್ಲಿಂದ ಮತ್ತೆರಡು. ಒಂದು ಸಲ ಹೀಗೆ ಒಂದೇ ಗಿಡದ ಬೆನ್ನು ಹತ್ತಿ ಗೇಣುದ್ದದ ಗುಂಡಿ ತೋಡಿ ಒಂಬತ್ತು ಗಡ್ಡೆ ಎಣಿಸಿದ್ದೆ. ಹತ್ತನೆಯ ಎಳೆ ತುಂಡಾಯಿತು. ಆ ಹತ್ತನೆಯದೇ ಮುಂದಿನ ತಿಂಗಳು ನಗುತ್ತಾ ಎದ್ದು ಬಂತು.

ಗ್ಲೈಫೋಸೇಟ್‌ನಂಥ ಔಷಧಿ ಎಲೆಯಿಂದ ಇಳಿದು ಬೇರಿನ ತನಕ ಹೋಗುತ್ತದೆ. ಆದರೆ ಇಳಿಯಬೇಕಾದರೆ ಎಲೆ ಬದುಕಿರಬೇಕು, ಗಿಡ ಬಾಡಿರಬಾರದು, ಗಡ್ಡೆಗಳ ಎಳೆ ಕಿತ್ತಿರಬಾರದು. ಜನ ಮಾಡೋದು ಏನು? ಮೊನ್ನೆ ಕೊಚ್ಚಿ, ಇವತ್ತು ಹೊಡೆಸಿ, ನಾಳೆ ಉಳುತ್ತಾರೆ. ಹೊಡೆದ ಎರಡನೇ ದಿನಕ್ಕೆ ಫೋನು, "ಇನ್ನೂ ಹಸಿರಾಗೇ ಇದೆಯಲ್ಲಾ?" ಅಂತ. ಅದು ನಿಧಾನದ ಔಷಧಿ. ಒಂದು ವಾರ, ಹತ್ತು ದಿನ ಬೇಕು. ಮರುದಿನವೇ ಕಂದಾಗುವ ಔಷಧಿ ಮೇಲಿನ ಹಸಿರನ್ನಷ್ಟೇ ಸುಡುತ್ತದೆ, ಗಡ್ಡೆಗೆ ಅದರ ಸುದ್ದಿಯೂ ತಲುಪುವುದಿಲ್ಲ.

ನೀರೂ ನೋಡಬೇಕು. ಗ್ಲೈಫೋಸೇಟ್ ಮಣ್ಣಿನ ಕಣಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕದಡಿದ ಹೊಂಡದ ನೀರಲ್ಲಿ ಬೆರೆಸಿದರೆ ಅರ್ಧ ಅಲ್ಲೇ ಸತ್ತಿತು. ಗಡಸು ನೀರಿನ ಸುಣ್ಣದ ಅಂಶವೂ ಅದನ್ನು ಹಿಡಿದುಕೊಳ್ಳುತ್ತದೆ. ಅಮೋನಿಯಂ ಸಲ್ಫೇಟನ್ನು ಮೊದಲು ನೀರಿಗೆ ಕರಗಿಸಿ ಆಮೇಲೆ ಔಷಧಿ ಹಾಕಿದರೆ ಅನುಕೂಲ. ಹಿಂದುಮುಂದು ಮಾಡಿದರೆ ಪ್ರಯೋಜನ ಕಡಿಮೆ.

ಬೀಜದ ವಿಷಯ ಕೇಳಲೇಬೇಡಿ. ವಿಲಿಯಂ ಬೀಲ್ ಅನ್ನುವ ಸಸ್ಯವಿಜ್ಞಾನಿ 1879ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಕಳೆ ಬೀಜ ತುಂಬಿದ 20 ಬಾಟಲಿ ಹೂತಿಟ್ಟ. ಅಷ್ಟಿಷ್ಟು ವರ್ಷಕ್ಕೊಂದು ತೆಗೆದು ಬಿತ್ತುತ್ತಾ ಬಂದಿದ್ದಾರೆ. 2021ರಲ್ಲಿ ತೆಗೆದ ಬಾಟಲಿಯಲ್ಲೂ ಕೆಲವು ಬೀಜ ಮೊಳೆತವು. 142 ವರ್ಷ! ಹೂ ಬಿಡುವ ಮೊದಲು ಹೋಗಿ ಅಂತ ನಾವು ಬಡಕೊಳ್ಳೋದು ಇದಕ್ಕೇ. ಪಾರ್ಥೇನಿಯಂ ಒಂದು ದೊಡ್ಡ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಅದನ್ನು ಬರಿಗೈಲಿ ಕೀಳಲೂಬೇಡಿ, ಕೆಲವರಿಗೆ ಚರ್ಮ ಕೆರೆದು ಕೆರೆದು ಹುಣ್ಣಾಗುತ್ತದೆ. ನನ್ನ ಜೊತೆಗಾರನೊಬ್ಬ ಆ ಕಾರಣಕ್ಕೇ ಕೆಲಸ ಬಿಟ್ಟ.

ಎರಡುಪಂಪು:
ಪಂಪು ತೊಳೆಯುವ ಬಗ್ಗೆ ನಾನು ಹೇಳುತ್ತೇನೆ. ತಪ್ಪು ಮಾಡಿದವನು ಹೇಳಿದರೇ ಸರಿ.

ಸಾಯಂಕಾಲ ರಸ್ತೆ ಬದಿಗೆ 2,4-ಡಿ ಅನ್ನುವ ಕಳೆನಾಶಕ ಹೊಡೆದೆ. ನೀರು ಹಾಕಿ ಎರಡು ಸಲ ಕುಲುಕಿ ಚೆಲ್ಲಿದೆ. ನೋಡಲು ಪಂಪು ಕ್ಲೀನ್. ಎರಡು ದಿನ ಬಿಟ್ಟು ಅದೇ ಪಂಪಲ್ಲಿ ಹತ್ತಿ ಹೊಲಕ್ಕೆ ಹೇನಿನ ಔಷಧಿ ಹೊಡೆದೆ. ಹತ್ತು ದಿನಕ್ಕೆ ಕರೆ ಬಂತು. ಹೋಗಿ ನೋಡಿದರೆ ಹೊಸ ಎಲೆಗಳೆಲ್ಲ ಅಂಗೈ ಥರ ಅಗಲ ಇರುವ ಬದಲು ಬೆರಳು ಬೆರಳಾಗಿ ಸಪೂರ, ನರಗಳು ಒಂದಕ್ಕೊಂದು ಒತ್ತಿಕೊಂಡು ಎದ್ದಿವೆ. ಅದೂ ಹೊಲದ ಒಂದು ಮೂಲೆಯಲ್ಲಿ ಮಾತ್ರ, ಮೊದಲ ಪಂಪು ಖಾಲಿಯಾದ ಜಾಗದ ತನಕ. ಅಲ್ಲಿಂದಾಚೆ ಬೆಳೆ ಚೆನ್ನಾಗಿತ್ತು. ನನ್ನ ತಪ್ಪಿನ ನಕ್ಷೆಯನ್ನು ಹೊಲದಲ್ಲೇ ಬರೆದಿಟ್ಟ ಹಾಗಿತ್ತು. ಹತ್ತಿ, ದ್ರಾಕ್ಷಿ, ಟೊಮೆಟೊ ಇವಕ್ಕೆ 2,4-ಡಿ ಹನಿಯ ಹನಿ ಸಾಕು.

ಈಗ ನನ್ನ ಹತ್ತಿರ ಎರಡು ಪಂಪು. ಕಳೆಯ ಪಂಪಿಗೆ ಕೆಂಪು ಪೇಂಟ್ ಬಳಿದಿದ್ದೇನೆ. ಬಕೆಟ್, ಅಳತೆ ಲೋಟ, ಕೋಲು ಕೂಡ ಕೆಂಪು. ಯಾರು ಎರವಲು ಕೇಳಿದರೂ ಕೊಡುವುದಿಲ್ಲ. ಜಿಪುಣ ಅಂದುಕೊಳ್ಳಲಿ.

ಖಾಲಿ ಡಬ್ಬವನ್ನು ಮೂರು ಸಲ ನೀರು ಹಾಕಿ ಕುಲುಕಿ ಆ ನೀರನ್ನು ಪಂಪಿಗೇ ಸುರಿಯಿರಿ. ಆಮೇಲೆ ಡಬ್ಬದ ತಳಕ್ಕೆ ತೂತು. ತೂತು ಹಾಕದಿದ್ದರೆ ಯಾರಾದರೂ ಒಯ್ದು ನೀರು ತುಂಬಿಡುತ್ತಾರೆ.

ಹೊಸಪಂಪು:
ಇಷ್ಟೊಂದು ಬರೆದಿದ್ದಕ್ಕೆ ಥ್ಯಾಂಕ್ಸ್. ಒಂದು ಅನುಮಾನ. ಗಾಳಿ ಇದ್ದರೆ ಔಷಧಿ ಪಕ್ಕದ ಹೊಲಕ್ಕೆ ಹಾರುತ್ತದೆ. ಹಾಗಾದರೆ ಗಾಳಿಯೇ ಇಲ್ಲದ ಬೆಳಗಿನ ಜಾವ ಎಲ್ಲಕ್ಕಿಂತ ಒಳ್ಳೆಯದು, ಅಲ್ವಾ?

ಹಳೇಬೆಲ್ಟು:
ಅಲ್ಲ! ಇದು ಎಲ್ಲರೂ ಬೀಳುವ ಗುಂಡಿ. ರಾತ್ರಿ ನೆಲ ತಣ್ಣಗಾಗಿ, ನೆಲದ ಹತ್ತಿರ ತಂಪು ಗಾಳಿ, ಮೇಲೆ ಬೆಚ್ಚನೆ ಗಾಳಿ ಕೂತಿರುತ್ತದೆ. ಮುಚ್ಚಳ ಹಾಕಿದ ಹಾಗೆ. ಆಗ ಹೊಡೆದ ಸಣ್ಣ ಹನಿಗಳು ಕೆಳಗೂ ಬೀಳದೆ ಮೇಲೂ ಹೋಗದೆ ಮಂಜಿನ ಥರ ತೇಲುತ್ತಾ ಎಲ್ಲಿಗೋ ಹೋಗಿ ಇಳಿಯುತ್ತವೆ. ದೂರದಲ್ಲಿ ಯಾರದ್ದಾದರೂ ಒಲೆಯ ಹೊಗೆ ನೋಡು. ಹೊಗೆ ಮೇಲೇರಿ ಚದುರಿದರೆ ಸರಿ. ಹಾಸಿಗೆ ಹಾಸಿದ ಹಾಗೆ ಅಡ್ಡಡ್ಡ ಮಲಗಿದ್ದರೆ ಪಂಪು ಕೆಳಗಿಡು. ಬಿಸಿಲು ಏರಿ ಗಾಳಿ ಅಲ್ಲಾಡಲು ಶುರುವಾದ ಮೇಲೆ ಹೊಡಿ. ಒಂದೇ ದಿಕ್ಕಿನ ಮೆಲುಗಾಳಿ, ಎಲೆ ಅಲುಗುವಷ್ಟು, ಅದು ನಮ್ಮ ಗೆಳೆಯ.

ಕಳೆಗೆ ದಪ್ಪ ಹನಿ, ಚಪ್ಪಟೆ ಬೀಸಣಿಗೆ ಥರ ಬೀಳುವ ನಾಜಲ್. ಹುಳಕ್ಕೆ, ರೋಗಕ್ಕೆ ಸಣ್ಣ ಹನಿ, ಟೊಳ್ಳು ಶಂಕುವಿನ ನಾಜಲ್. ಪ್ರೆಶರ್ ಏರಿಸಿದಷ್ಟೂ ಹನಿ ಪುಡಿಯಾಗುತ್ತದೆ. ಕಳೆಗೆ ಹೊಡೆಯುವಾಗ "ಬುಸ್" ಅಂತ ಹೊಗೆ ಎದ್ದರೆ ಖುಷಿಪಡಬೇಡ.

ಮಸೂರ:
ನನ್ನ ಕೆಲಸ ಹೊಡೆಯೋದಲ್ಲ, ಹುಳ ಎಣಿಸೋದು. ತಂಡಕ್ಕಿಂತ ಒಂದು ದಿನ ಮೊದಲು ಹೊಲಕ್ಕೆ ಹೋಗುತ್ತೇನೆ. ಜೇಬಲ್ಲಿ ಹತ್ತು ಪಟ್ಟಿನ ಮಸೂರ, ಒಂದು ಚಿಕ್ಕ ಪುಸ್ತಕ. ಬದುವಿನ ಪಕ್ಕದ ಗಿಡ ಬಿಟ್ಟು ಹೊಲದೊಳಗೆ ಅಂಕುಡೊಂಕಾಗಿ ನಡೆದು ಐದು ಕಡೆ ನಿಲ್ಲುತ್ತೇನೆ. ಒಂದೊಂದು ಕಡೆ ಇಪ್ಪತ್ತು ಗಿಡ.

ಮೆಕ್ಕೆಜೋಳದ ಫಾಲ್ ಸೈನಿಕ ಹುಳು ನೋಡಿ. ಮೂಲ ಅಮೆರಿಕ ಖಂಡ. 2016ರಲ್ಲಿ ಆಫ್ರಿಕದಲ್ಲಿ, 2018ರಲ್ಲಿ ಭಾರತದಲ್ಲಿ ಕಾಣಿಸಿಕೊಂಡಿತು. ಮರಿ ಇದ್ದಾಗ ಎಲೆಯನ್ನು ಕೆರೆದು ಕಿಟಕಿ ಗಾಜಿನ ಥರ ಮಾಡುತ್ತದೆ. ದೊಡ್ಡದಾದ ಮೇಲೆ ಸುಳಿಯೊಳಗೆ ಇಳಿದು, ತನ್ನದೇ ಹಿಕ್ಕೆಯಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. ಒದ್ದೆ ಮರದ ಹೊಟ್ಟಿನ ಹಾಗೆ ಇರುತ್ತದೆ ಅದು. ಬೆರಳಲ್ಲಿ ಬಿಡಿಸಿದರೆ ಒಳಗೆ ದಪ್ಪಗೆ ಕೂತಿರುತ್ತದೆ. ಹಣೆ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕೆ. ಈ ಹಂತದಲ್ಲಿ ಎಲೆ ಮೇಲೆ ಎಷ್ಟು ಹೊಡೆದರೂ ಅದರ ಮನೆ ಮಾಳಿಗೆ ತೊಳೆದ ಹಾಗೆ. ಮರಿ ಇದ್ದಾಗ, ಸಂಜೆ ಹೊತ್ತು, ಸುಳಿಗೆ ಬೀಳುವ ಹಾಗೆ ಹೊಡೆಯಬೇಕು. ಅದಕ್ಕೇ ಮೊದಲು ನೋಡಬೇಕು ಅನ್ನೋದು.

ಎಷ್ಟೋ ಸಲ ನಾನು ಬರೆದುಕೊಡುವುದು "ಈಗ ಬೇಡ, ನಾಲ್ಕು ದಿನ ಬಿಟ್ಟು ನೋಡೋಣ" ಅಂತ. ಗುಲಗಂಜಿ ಹುಳ, ಜೇಡ, ಪರಾವಲಂಬಿ ಕಣಜ ಇದ್ದರೆ ಅವು ಕೆಲಸ ಮಾಡುತ್ತಿವೆ ಅಂತ ಅರ್ಥ. 1888ರಲ್ಲಿ ಆಸ್ಟ್ರೇಲಿಯಾದಿಂದ ಗುಲಗಂಜಿ ಹುಳದ ಒಂದು ಜಾತಿಯನ್ನು ಕ್ಯಾಲಿಫೋರ್ನಿಯಕ್ಕೆ ತಂದು ಬಿಟ್ಟರು. ಕಿತ್ತಳೆ ತೋಟ ನುಂಗುತ್ತಿದ್ದ ಶಲ್ಕ ಕೀಟವನ್ನು ಒಂದೆರಡು ವರ್ಷದಲ್ಲಿ ಹತೋಟಿಗೆ ತಂದಿತು. 1940ರ ದಶಕದಲ್ಲಿ ಡಿಡಿಟಿ ಹೊಡೆದರು, ಗುಲಗಂಜಿ ಸತ್ತಿತು, ಶಲ್ಕ ಕೀಟ ವಾಪಸ್.

ಡಿಡಿಟಿ ಹುಳ ಕೊಲ್ಲುತ್ತದೆ ಅಂತ ಕಂಡುಕೊಂಡ ಪೌಲ್ ಮ್ಯುಲ್ಲರ್‌ಗೆ 1948ರಲ್ಲಿ ನೊಬೆಲ್ ಬಂತು. ಅಷ್ಟು ಹೊತ್ತಿಗಾಗಲೇ ಡಿಡಿಟಿಗೆ ಜಗ್ಗದ ನೊಣಗಳು ಹಾರಾಡುತ್ತಿದ್ದವು. ಔಷಧಿ ಬದಲಿಸಿ ಹೊಡೆಯಿರಿ ಅಂದರೆ ಕಂಪನಿ ಬದಲಿಸೋದಲ್ಲ. ಹೆಸರು ಬೇರೆ, ಒಳಗಿನ ಸರಕು ಒಂದೇ ಇರುತ್ತದೆ. ಔಷಧಿ ಹುಳವನ್ನು ಹೇಗೆ ಕೊಲ್ಲುತ್ತದೆ ಅನ್ನುವುದರ ಮೇಲೆ ಗುಂಪು ಮಾಡಿರುತ್ತಾರೆ, ಲೇಬಲ್ ಮೇಲೆ ಆ ಗುಂಪಿನ ಸಂಖ್ಯೆ ಇದ್ದರೆ ನೋಡಿ. ಸಂಖ್ಯೆ ಬೇರೆಯಾಗಬೇಕು.

ಬಿಸಿಲುಕುದುರೆ:
ಮಿತ್ರ ಕೀಟ ಅಂತ ಎಲ್ಲರೂ ಕುಣಿಯುತ್ತೀರಿ. 1935ರಲ್ಲಿ ಕಬ್ಬಿನ ದುಂಬಿ ತಿನ್ನಲಿ ಅಂತ ಆಸ್ಟ್ರೇಲಿಯಾಕ್ಕೆ ಕಪ್ಪೆ ತಂದು ಬಿಟ್ಟರಲ್ಲ. ದುಂಬಿ ತಿನ್ನಲಿಲ್ಲ. ಕಪ್ಪೆಯೇ ಈಗ ಪೀಡೆ.

ಮಸೂರ:
ನಿಜ. ಅದೇ ಆಸ್ಟ್ರೇಲಿಯಾದಲ್ಲಿ ಪಾಪಾಸುಕಳ್ಳಿಯನ್ನು ಒಂದು ಪತಂಗದ ಹುಳ ಮುಗಿಸಿದ್ದೂ ಉಂಟು. ಅರ್ಜೆಂಟೀನಾದಿಂದ 1925ರಲ್ಲಿ ಮೊಟ್ಟೆ ತಂದರು, ಏಳೆಂಟು ವರ್ಷದಲ್ಲಿ ಕೋಟಿಗಟ್ಟಲೆ ಎಕರೆ ಬಿಡುಗಡೆ ಆಯಿತು. ವ್ಯತ್ಯಾಸ ಏನು? ಆ ಹುಳ ಕಳ್ಳಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಅಂತ ಮೊದಲು ಪರೀಕ್ಷೆ ಮಾಡಿದ್ದರು. ಕಪ್ಪೆ ಬಾಯಿಗೆ ಸಿಕ್ಕಿದ್ದನ್ನೆಲ್ಲ ನುಂಗುತ್ತದೆ.

ಬಿಲದಬಾಗಿಲು:
ಗೋದಾಮು ಅಂದಿದ್ದೀರಿ, ಹಾಗಾಗಿ ಇಲಿ ನಿಮಗೂ ಗಂಟು ಬೀಳುತ್ತದೆ. ಇಲಿ ಹುಳದ ಥರ ಅಲ್ಲ, ಯೋಚನೆ ಮಾಡುತ್ತದೆ. ಹೊಸ ವಸ್ತು ಕಂಡರೆ ಒಂದೆರಡು ದಿನ ಸುತ್ತಿ ಹೋಗುತ್ತದೆ. ಹೊಸ ತಿಂಡಿ ಸಿಕ್ಕರೆ ಚೂರೇ ಚೂರು ರುಚಿ ನೋಡುತ್ತದೆ. ಹೊಟ್ಟೆ ಕೆಟ್ಟಿತೋ, ಆ ಕಡೆ ತಲೆ ಹಾಕುವುದಿಲ್ಲ. ಜಿಂಕ್ ಫಾಸ್ಫೈಡ್ ಇಡುವವರು ಮೊದಲ ದಿನವೇ ವಿಷ ಇಟ್ಟು ಕೆಡಿಸಿಕೊಳ್ಳುವುದು ಇಲ್ಲೇ. ಎರಡು ಮೂರು ದಿನ ವಿಷ ಇಲ್ಲದ ತಿನಿಸು ಇಟ್ಟು ನಂಬಿಕೆ ಬರಿಸಬೇಕು. ಆಮೇಲೆ ಅಸಲಿ.

ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಬಿಲ್ಲೆಗಳು ಬೇರೆ ಥರ. ತಿಂದ ಎಷ್ಟೋ ದಿನಕ್ಕೆ ಸಾಯುತ್ತವೆ, ಹಾಗಾಗಿ ಇಲಿಗಳಿಗೆ ಅನುಮಾನ ಬರುವುದಿಲ್ಲ. ಇವುಗಳ ಹಿರಿಯಣ್ಣ ವಾರ್ಫರಿನ್, 1948ರಲ್ಲಿ ಇಲಿಪಾಷಾಣವಾಗಿ ಬಂತು. ಮುಗ್ಗಿದ ಮೇವು ತಿಂದು ರಕ್ತ ಸೋರಿ ಸಾಯುತ್ತಿದ್ದ ದನಗಳ ಕಾರಣ ಹುಡುಕುತ್ತಾ ಹೋಗಿ ಸಿಕ್ಕ ಔಷಧಿ ಅದು. ಈಗ ಅದನ್ನೇ ಅಳತೆ ಮಾಡಿ ಹೃದಯದ ರೋಗಿಗಳಿಗೂ ಕೊಡುತ್ತಾರೆ. ಆದರೆ ಈಗಿನ ಜೋರು ಬಿಲ್ಲೆ ತಿಂದ ಇಲಿಯನ್ನು ಗೂಬೆ, ಬೆಕ್ಕು, ನಾಯಿ ತಿಂದರೆ ಅವಕ್ಕೂ ಕಂಟಕ. ಸತ್ತ ಇಲಿ ಹುಡುಕಿ ಹೂಳುವುದೂ ನಮ್ಮ ಕೆಲಸವೇ. ಬಿಲ್ಲೆಯನ್ನು ಪೆಟ್ಟಿಗೆಯೊಳಗೇ ಇಡಿ, ಬಯಲಲ್ಲಿ ಚೆಲ್ಲಬೇಡಿ.

ಹೊಲದಲ್ಲಿ ನಾನು ಮೊದಲು ಮಾಡುವ ಕೆಲಸಕ್ಕೆ ಔಷಧಿಯೇ ಬೇಡ. ಸಂಜೆ ಹೋಗಿ ಬದುವಿನ ಬಿಲಗಳನ್ನೆಲ್ಲ ಹಸಿ ಮಣ್ಣಿನಿಂದ ಮುಚ್ಚುತ್ತೇನೆ. ಬೆಳಗ್ಗೆ ಹೋಗಿ ನೋಡುತ್ತೇನೆ. ನಲವತ್ತು ಮುಚ್ಚಿದ್ದರೆ ಹನ್ನೊಂದು ತೆರೆದಿರುತ್ತವೆ. ಆ ಹನ್ನೊಂದರಲ್ಲೇ ಇಲಿ ಇರೋದು. ಉಳಿದವಕ್ಕೆ ಯಾಕೆ ದಂಡ? ಗೋದಾಮಿನಲ್ಲಿ ಬಾಗಿಲ ಸಂದು ನೋಡಿ. ಪೆನ್ಸಿಲ್ ತೂರುವ ಜಾಗದಲ್ಲಿ ಸಣ್ಣ ಇಲಿ ತೂರುತ್ತದೆ.

ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮಾತ್ರ ತರಬೇತಿ ಇಲ್ಲದೆ ಮುಟ್ಟಬೇಡಿ. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಬಿಡುತ್ತದೆ. ಅದಕ್ಕೂ ಮದ್ದಿಲ್ಲ. ಜನ ಮಲಗುವ ಕೋಣೆಯ ಗೋಡೆಗೆ ಅಂಟಿಕೊಂಡ ಗೋದಾಮಾದರೆ ಕೆಲಸ ಒಪ್ಪಿಕೊಳ್ಳಲೇಬೇಡಿ.

ಹೊಸಪಂಪು:
ಹತ್ತು ದಿನ ಆಯಿತು, ವರದಿ ಒಪ್ಪಿಸುತ್ತಿದ್ದೇನೆ. ಹೆಗಲು ಕಿತ್ತು ಬರುತ್ತಿದೆ.

ಮೊದಲ ದಿನ ಹಗ್ಗ ತೆಗೆದು 10 ಮೀಟರ್ ಅಳೆಯುವಾಗ ಎಲ್ಲರೂ ನಕ್ಕರು. ಮೇಸ್ತ್ರಿ "ಸೈಟ್ ಮಾರಾಟಕ್ಕಿದೆಯಾ?" ಅಂದರು. ಆಮೇಲೆ ನಾಲ್ಕು ಪಂಪಿನ ನಾಜಲ್‌ಗಳನ್ನು ಒಂದೊಂದು ನಿಮಿಷ ಬಕೆಟ್‌ಗೆ ಬಿಟ್ಟು ಅಳೆದೆ. ಮೂರರಲ್ಲಿ 600 ಮಿಲಿ ಆಸುಪಾಸು ಬಂತು. ನಾಲ್ಕನೆಯದರಲ್ಲಿ 850. ಎಲ್ಲರೂ ಸುಮ್ಮನಾದರು. ಆ ಪಂಪಿನವರು "ನನ್ನದು ಯಾವಾಗಲೂ ಬೇಗ ಖಾಲಿಯಾಗುತ್ತದೆ, ನಾನೇ ಚುರುಕು ಅಂದುಕೊಂಡಿದ್ದೆ" ಅಂದರು. ನಾಜಲ್ ಸವೆದಿತ್ತು.

ಒಂದು ವಿಷಯ ಕಸಿವಿಸಿ ಆಯಿತು. ನಾಜಲ್ ಕಟ್ಟಿಕೊಂಡಾಗ ಒಬ್ಬರು ಬಾಯಿಗಿಟ್ಟು ಊದಿದರು. ನನಗಿಂತ ವಯಸ್ಸಲ್ಲಿ ದೊಡ್ಡವರು. ಹೇಗೆ ಹೇಳೋದು ಗೊತ್ತಾಗಲಿಲ್ಲ.

ಹಳೇಬೆಲ್ಟು:
ಹೇಳಬೇಡ. ಹಳೇ ಹಲ್ಲುಜ್ಜುವ ಬ್ರಷ್ ಒಂದನ್ನು ದಾರ ಕಟ್ಟಿ ಅವರ ಪಂಪಿಗೆ ನೇತುಹಾಕು. ಒಂದು ಬಿಡಿ ನಾಜಲ್ ಜೇಬಲ್ಲಿಟ್ಟುಕೋ. ಕಟ್ಟಿದ ತಕ್ಷಣ ಅದನ್ನು ಕೊಡು. ತಂತಿ, ಪಿನ್ನು ಹಾಕಿ ಕುಕ್ಕಲು ಬಿಡಬೇಡ, ತೂತು ಕೆಡುತ್ತದೆ. 850 ಬಂದ ನಾಜಲನ್ನು ಎಸೆದೆಯಾ? ಹೊಸದಕ್ಕಿಂತ 10 ಶೇಕಡಾ ಜಾಸ್ತಿ ಬಂದರೇ ಬದಲಿಸಬೇಕು.

ಹೊಸಪಂಪು:
ಎಸೆದೆ ಅಣ್ಣ. ನಾಳೆ ಸೋಯಾ ಹೊಲ. ಬೆಳೆ ಮಧ್ಯೆ ದಟ್ಟ ಹುಲ್ಲು. ಮೇಸ್ತ್ರಿ ಬೆಳೆಗೆ ಏನೂ ಆಗದೆ ಹುಲ್ಲು ಮಾತ್ರ ಸಾಯುವ ಔಷಧಿ ತರಿಸಿಟ್ಟಿದ್ದಾರೆ. ಸಂಜೆ ಹೋಗಿ ನೋಡಿ ಬಂದೆ, ನಾಲ್ಕು ಗಿಡ ಕಿತ್ತು ತಂದಿದ್ದೇನೆ. ಹುಲ್ಲಿನ ಥರಾನೇ ಇದೆ. ಆದರೂ ಯಾಕೋ ಎಲೆ ಜಾಸ್ತಿ ಹೊಳೆಯುತ್ತದೆ.

ಜೇಕಿನಶತ್ರು:
ಕಾಂಡದ ಬುಡವನ್ನು ಹೆಬ್ಬೆರಳು ತೋರುಬೆರಳ ಮಧ್ಯೆ ಇಟ್ಟು ಉರುಳಿಸಿ. ಹುಲ್ಲಾದರೆ ಸಲೀಸಾಗಿ ಉರುಳುತ್ತದೆ.

ಹೊಸಪಂಪು:
ಉರುಳುತ್ತಿಲ್ಲ. ತಡೆದು ತಡೆದು ಹೋಗುತ್ತದೆ. ಮೂರು ಮೂಲೆ ಸಿಗುತ್ತಿದೆ.

ಜೇಕಿನಶತ್ರು:
ಬಂದನಲ್ಲ ನಮ್ಮ ಮಹಾರಾಯ! ಅದು ಹುಲ್ಲೇ ಅಲ್ಲ, ಜೇಕು. ಹುಲ್ಲಿನ ಔಷಧಿ ಅದಕ್ಕೆ ಸ್ನಾನದ ನೀರು. ಈಗಲೇ ಮೇಸ್ತ್ರಿಗೆ ಫೋನ್ ಮಾಡಿ, ಡಬ್ಬ ಒಡೆಯಬೇಡಿ ಅನ್ನಿ. ಸೋಯಾ ಮತ್ತು ಜೇಕು ಎರಡರ ಹೆಸರೂ ಲೇಬಲ್ ಮೇಲೆ ಇರುವುದನ್ನು ಹುಡುಕಿ. ಸಿಗದಿದ್ದರೆ ಎಡೆಕುಂಟೆ.

ಹೊಸಪಂಪು:
ಫೋನ್ ಮಾಡಿದೆ. ಮೊದಲು ಬೈದರು. ಆಮೇಲೆ "ಆ ಗಿಡ ಬಿಸಾಕಬೇಡ, ಬೆಳಗ್ಗೆ ತಗೊಂಡು ಬಾ" ಅಂದರು.